ಆಟಗಾರರ ಆಯ್ಕೆಯೂ ಪಂದ್ಯಾವಳಿಗಳ ವಿಸ್ತಾರವೂ

ನಮ್ಮ ಆಜರಾ, ಗಡಹಿಂಗ್ಲಜ, ಚಂದಗಡ ಸೀಮೆಯಲ್ಲಿ ಸುಗ್ಗಿ ಮುಗಿದು ಜಾತ್ರೆಗಳು ಆರಂಭವಾದವೆಂದರೆ ಕುಸ್ತಿಯ ಕಣಗಳೂ ಕಬಡ್ಡಿಯ ಅಂಗಳಗಳೂ ಸಜ್ಜಾಗುತ್ತವೆ. ಅಲ್ಲಿ ಒಬ್ಬ ಹುಡುಗನು ನಾಲ್ಕು ಜನರ ಕಣ್ಣಿಗೆ ಬೀಳುವಂತೆ ಆಡಿದನೆಂದರೆ, ಕೆಲವು ದಿನಗಳಲ್ಲಿಯೇ ಯಾರಾದರೊಬ್ಬರು ಮನೆಯ ಬಾಗಿಲಿಗೆ ಬಂದು, “ನಿಮ್ಮ ಮಗನನ್ನು ನಮ್ಮ ತಂಡಕ್ಕೆ ಕೊಡಿರಿ, ಈಗ ಪಂದ್ಯಾವಳಿಗಳು ದೊಡ್ಡವಾಗಿವೆ, ಅವಕಾಶಗಳೂ ಹೆಚ್ಚಾಗಿವೆ” ಎಂದು ಹೇಳುವುದುಂಟು. ಈ ಮಾತನ್ನು ಕೇಳಿ ತಂದೆತಾಯಿಗಳಿಗೆ ಹಿಗ್ಗೂ ಆಗುತ್ತದೆ, ಅಳುಕೂ ಆಗುತ್ತದೆ. ಮಗನ ಓದಿನ ಗತಿಯೇನು? ಪಂದ್ಯಾವಳಿ ದೊಡ್ಡದಾದರೆ ನಮ್ಮ ಮಗನಿಗೆ ಅದರಲ್ಲಿ ಸ್ಥಾನ ದೊರೆತೇ ದೊರೆಯುವುದೆ? ಈ ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕಾದರೆ ಆಟಗಾರರನ್ನು ಆಯ್ದುಕೊಳ್ಳುವ ಪದ್ಧತಿ ಎಂತಹದು, ಪಂದ್ಯಾವಳಿಯ ವಿಸ್ತಾರವೆಂದರೆ ಏನು ಎಂಬ ಎರಡು ಸಂಗತಿಗಳನ್ನು ಮೊದಲು ಅರಿತುಕೊಳ್ಳಬೇಕು.

ಆಟಗಾರರನ್ನು ಹುಡುಕಿ ಕರೆತಂದು ಸಾಕುವ ಪದ್ಧತಿಯು ಕೊಲ್ಲಾಪುರಕ್ಕೆ ಹೊಸದಲ್ಲ. ರಾಜರ್ಷಿ ಶಾಹೂ ಮಹಾರಾಜರು ಊರೂರುಗಳಿಂದ ಪೈಲವಾನರನ್ನು ಬರಮಾಡಿಕೊಂಡು, ತಾಲೀಮುಗಳಿಗೆ ಆಶ್ರಯವಿತ್ತು, ಅವರ ಖುರಾಕಿನ ಭಾರವನ್ನು ವಹಿಸಿಕೊಂಡರು. ಅವರು ಕಟ್ಟಿಸಿದ ಖಾಸಬಾಗ ಕುಸ್ತಿ ಮೈದಾನವು 1912ರಲ್ಲಿ ಪೂರ್ಣವಾಯಿತು. ಕುಸ್ತಿಗೆ ಮೈದಾನವನ್ನು ಕಟ್ಟಿಸಿದ ಅದೇ ಅರಸರು 1901ರಿಂದ ಮೊದಲುಗೊಂಡು ಹಳ್ಳಿಯ ಹುಡುಗರ ಓದಿಗಾಗಿ ವಸತಿಗೃಹಗಳನ್ನೂ ತೆರೆಯಿಸಿದರು. 1917ರಲ್ಲಿ ತಮ್ಮ ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತವೂ ಕಡ್ಡಾಯವೂ ಆಗುವಂತೆ ಮಾಡಿದರು. ತಾಲೀಮು ಮತ್ತು ಶಾಲೆ ಒಂದಕ್ಕೊಂದು ವೈರಿಗಳೆಂದು ಅವರು ಎಣಿಸಲಿಲ್ಲವೆಂಬುದನ್ನು ನಾವು ಮರೆಯಬಾರದು.

ಈ ತಾಲೀಮುಗಳ ಕೀರ್ತಿಯು ಗಡಿಯಾಚೆಯ ಕನ್ನಡದ ಹಳ್ಳಿಗಳಿಗೂ ಮುಟ್ಟಿತು. ಚಿಕ್ಕೋಡಿ ಭಾಗದ ಎಕ್ಸಂಬೆಯಲ್ಲಿ ಹುಟ್ಟಿದ ಶ್ರೀಪತಿ ಖಂಚನಾಳೆಯವರು ಕೊಲ್ಲಾಪುರದಲ್ಲಿ ಪಳಗಿ, 1959ರಲ್ಲಿ ದೇಶದ ಮೊದಲನೆಯ ಹಿಂದ್ ಕೇಸರಿಗಳಾದರು. ಅರಸರ ಕಾಲದ ಆಯ್ಕೆಯಲ್ಲಿ ಕಾಗದಪತ್ರಗಳಿರಲಿಲ್ಲ. ಗುರುವಿನ ಕಣ್ಣೇ ಪರೀಕ್ಷೆ, ಒಡೆಯನ ಮಾತೇ ಕರಾರು. ಒಡೆಯನು ದೊಡ್ಡ ಮನಸ್ಸಿನವನಾಗಿದ್ದರೆ ಪೈಲವಾನನ ಬಾಳು ಬೆಳಗುತ್ತಿತ್ತು; ಆಶ್ರಯ ತಪ್ಪಿದರೆ ಅವನ ಗತಿಯನ್ನು ಕೇಳುವವರಿರಲಿಲ್ಲ.

ಇನ್ನು ವಿದ್ಯಾಲಯಗಳೇ ಆಟಗಾರರನ್ನು ಹುಡುಕಿಕೊಂಡು ಹೋಗುವ ಪದ್ಧತಿಯನ್ನು ನೋಡೋಣ. ಇದು ಅತ್ಯಂತ ದೊಡ್ಡದಾಗಿ ಬೆಳೆದಿರುವುದು ಅಮೇರಿಕೆಯಲ್ಲಿ, ಅದರಲ್ಲಿಯೂ ಬಾಸ್ಕೆಟ್‌ಬಾಲ್ ಆಟದಲ್ಲಿ. ಈ ಆಟವು ಹುಟ್ಟಿದ್ದೇ ಒಂದು ವಿದ್ಯಾಲಯದಲ್ಲಿ. 1891ರ ಡಿಸೆಂಬರದಲ್ಲಿ, ಹೊರಗೆ ಚಳಿಯಿದ್ದುದರಿಂದ ವಿದ್ಯಾರ್ಥಿಗಳನ್ನು ಒಳಾಂಗಣದಲ್ಲಿಯೇ ಆಡಿಸಬೇಕೆಂದು, ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನ ವ್ಯಾಯಾಮ ಶಿಕ್ಷಕ ಜೇಮ್ಸ್ ನೈಸ್ಮಿತ್ ಎಂಬವರು ಹಣ್ಣಿನ ಎರಡು ಬುಟ್ಟಿಗಳನ್ನು ಎತ್ತರದಲ್ಲಿ ಕಟ್ಟಿಸಿ ಚೆಂಡನ್ನು ಅವುಗಳೊಳಗೆ ಹಾಕಿಸಿದರು. ಬುಟ್ಟಿಯ ಇಂಗ್ಲಿಷ್ ಹೆಸರೇ ಆಟದ ಹೆಸರಾಯಿತು.

ಅಲ್ಲಿಯ ಕಾಲೇಜಿನ ತರಬೇತುದಾರನು ಪ್ರೌಢಶಾಲೆಗಳ ಪಂದ್ಯಗಳಿಗೆ ಹೋಗಿ, ಒಳ್ಳೆಯ ಆಟಗಾರರನ್ನು ಗುರುತಿಸಿ, ಅವರ ಮನೆಗಳಿಗೆ ಹೋಗಿ ತಂದೆತಾಯಿಗಳೊಡನೆ ಮಾತನಾಡುತ್ತಾನೆ. ಒಪ್ಪಿಗೆಯಾದರೆ ಕಾಲೇಜು ಆ ಹುಡುಗನಿಗೆ ವಿದ್ಯಾರ್ಥಿವೇತನವನ್ನು ಕೊಡುತ್ತದೆ. ಎಂದರೆ ಕಲಿಕೆಯ ಶುಲ್ಕ, ವಸತಿ, ಊಟ, ಪುಸ್ತಕಗಳ ವೆಚ್ಚವನ್ನು ತಾನೇ ವಹಿಸುತ್ತದೆ. ಹುಡುಗನು ಕಾಲೇಜಿಗಾಗಿ ಆಡಬೇಕು, ಪರೀಕ್ಷೆಗಳಲ್ಲಿ ಗೊತ್ತುಪಡಿಸಿದ ಮಟ್ಟವನ್ನೂ ಉಳಿಸಿಕೊಳ್ಳಬೇಕು. ನಮ್ಮ ಬೆಂಗಳೂರಿನ ಸಂಜನಾ ರಮೇಶ ಎಂಬ ಆಟಗಾರ್ತಿಯು ಇದೇ ದಾರಿಯಿಂದ 2019ರಲ್ಲಿ ಅಮೇರಿಕೆಯ ಉತ್ತರ ಅರಿಝೋನಾ ವಿಶ್ವವಿದ್ಯಾಲಯವನ್ನು ಸೇರಿದಳು. ಕನ್ನಡನಾಡಿನ ಹೆಣ್ಣುಮಗಳೊಬ್ಬಳು ಚೆಂಡಿನ ಬಲದಿಂದ ಕಡಲಾಚೆಯ ವಿದ್ಯಾಪೀಠದ ಬಾಗಿಲನ್ನು ತೆರೆಯಿಸಿಕೊಂಡುದು ಹೆಮ್ಮೆಪಡತಕ್ಕ ಸಂಗತಿಯಲ್ಲವೆ?

ಆದರೆ ಈ ಪದ್ಧತಿಗೂ ಕುಂದುಗಳಿದ್ದವು. ಪಂದ್ಯಗಳಿಂದ ಕಾಲೇಜುಗಳಿಗೆ ಅಪಾರವಾದ ಹಣ ಬರುತ್ತಿದ್ದರೂ ಆಡುವ ಹುಡುಗರಿಗೆ ವಿದ್ಯಾರ್ಥಿವೇತನದ ಹೊರತು ಸಂಪಾದನೆಗೆ ನಿಷೇಧವಿತ್ತು. ಬಹುಕಾಲದ ವಾದವಿವಾದಗಳ ಮೇಲೆ 2021ರಲ್ಲಿ ಆಟಗಾರರು ತಮ್ಮ ಹೆಸರು ಮತ್ತು ಚಿತ್ರಗಳ ಬಳಕೆಯಿಂದ ಹಣ ಪಡೆಯಬಹುದೆಂದಾಯಿತು. 2025ರಲ್ಲಿ ನ್ಯಾಯಾಲಯವು ಒಪ್ಪಿದ ಒಂದು ಒಡಂಬಡಿಕೆಯಂತೆ ಕಾಲೇಜುಗಳೇ ಅವರಿಗೆ ನೇರವಾಗಿ ಹಣ ಕೊಡಲು ದಾರಿಯಾಯಿತು. ಒಂದು ಕಾಲೇಜನ್ನು ಬಿಟ್ಟು ಇನ್ನೊಂದನ್ನು ಸೇರುವುದೂ ಸುಲಭವಾಯಿತು. ಇದರಿಂದ ಆಟಗಾರನಿಗೆ ನ್ಯಾಯ ದೊರೆತುದು ನಿಜ. ಆದರೆ ವರ್ಷಕ್ಕೊಂದು ಕಾಲೇಜು ಬದಲಿಸುವವನ ಓದು ಎಲ್ಲಿ ನೆಲೆಗೊಳ್ಳಬೇಕೆಂಬ ಚಿಂತೆಯೂ ಅದರ ಬೆನ್ನಿಗೇ ಬಂದಿತು.

ಇಷ್ಟು ಆಯ್ಕೆಯ ಮಾತಾಯಿತು. ಇನ್ನು ವಿಸ್ತಾರದ ಮಾತು. ಅಮೇರಿಕೆಯ ಕಾಲೇಜುಗಳು ವರ್ಷದ ಸಾಮಾನ್ಯ ಪಂದ್ಯಗಳನ್ನು ಮುಗಿಸಿದ ಮೇಲೆ, ಆಯ್ದ ತಂಡಗಳಿಗಾಗಿ ಕೊನೆಯಲ್ಲಿ ಒಂದು ರಾಷ್ಟ್ರೀಯ ಪಂದ್ಯಾವಳಿ ನಡೆಯುತ್ತದೆ. 1939ರಲ್ಲಿ ಅದು ಆರಂಭವಾದಾಗ ಅದರಲ್ಲಿದ್ದ ತಂಡಗಳು ಕೇವಲ 8. ಅವು 1951ರಲ್ಲಿ 16, 1975ರಲ್ಲಿ 32, 1985ರಲ್ಲಿ 64, 2011ರಲ್ಲಿ 68 ಆದವು. ಹೀಗೆ ಹೆಚ್ಚಿಸಲು ಕಾರಣವೇನು?

ಒಂದು ಕಾರಣ ನ್ಯಾಯ. ಮೊದಲು ಒಂದು ಪ್ರಾಂತದ ಕೂಟದಿಂದ ಗೆದ್ದ ಒಂದೇ ತಂಡವು ರಾಷ್ಟ್ರೀಯ ಪಂದ್ಯಾವಳಿಗೆ ಹೋಗಬಹುದಾಗಿತ್ತು. 1974ರಲ್ಲಿ ಒಂದು ಕೂಟದ ಅಂತಿಮ ಪಂದ್ಯದಲ್ಲಿ ಮೇರಿಲ್ಯಾಂಡ್ ತಂಡವು ನಾರ್ತ್ ಕರೋಲಿನಾ ಸ್ಟೇಟ್ ತಂಡಕ್ಕೆ ಹೆಚ್ಚಿನ ವೇಳೆಯ ಆಟದಲ್ಲಿ 103ಕ್ಕೆ 100ರಂತೆ ಸೋತಿತು. ಗೆದ್ದ ತಂಡವೇ ಮುಂದೆ ಆ ವರ್ಷದ ರಾಷ್ಟ್ರೀಯ ವಿಜೇತವಾಯಿತು. ಅದಕ್ಕೆ ಸರಿಸಮನಾಗಿ ಹೋರಾಡಿದ ಮೇರಿಲ್ಯಾಂಡ್ ಆ ಪಂದ್ಯಾವಳಿಯ ಹೊರಗೆ ಉಳಿಯಿತು. ಇದು ತಕ್ಕುದಲ್ಲವೆಂದು ಅನೇಕರಿಗೆ ಅನ್ನಿಸಿತು. ಮರುವರ್ಷವೇ ತಂಡಗಳನ್ನು 32ಕ್ಕೆ ಏರಿಸಿ, ಕೂಟದ ಎರಡನೆಯ ತಂಡಕ್ಕೂ ಅವಕಾಶವಿತ್ತರು.

ಇನ್ನೊಂದು ಕಾರಣ ಹಣ. ನಾಕೌಟ್ ಪದ್ಧತಿಯಲ್ಲಿ ಪ್ರತಿ ಪಂದ್ಯವೂ ಒಂದು ತಂಡವನ್ನು ಹೊರಗೆ ಹಾಕುತ್ತದೆ. ಕೊನೆಗೆ ಒಂದೇ ತಂಡ ಉಳಿಯಬೇಕು. ಆದುದರಿಂದ ವಿಜೇತನನ್ನು ನಿರ್ಣಯಿಸಲು 8 ತಂಡಗಳಿದ್ದರೆ 7 ಪಂದ್ಯಗಳು, 68 ತಂಡಗಳಿದ್ದರೆ 67 ಪಂದ್ಯಗಳು ಬೇಕು. ವಿದ್ಯಾರ್ಥಿಗಳು ಇದನ್ನು ಪಾಟಿಯ ಮೇಲೆ ಬರೆದು ತಾಳೆ ನೋಡಬಹುದು. ಪಂದ್ಯಗಳು ಹೆಚ್ಚಿದಷ್ಟೂ ಪ್ರೇಕ್ಷಕರು ಹೆಚ್ಚು, ದೂರದರ್ಶನದ ಆದಾಯವೂ ಹೆಚ್ಚು. 68 ತಂಡಗಳ ವ್ಯವಸ್ಥೆಯನ್ನು ತಂದಾಗಲೇ, 2010ರಲ್ಲಿ, ಪ್ರಸಾರದ ಹಕ್ಕನ್ನು 14 ವರ್ಷಗಳಿಗೆ 1,080 ಕೋಟಿ ಡಾಲರುಗಳಿಗೆ ಮಾರಿದರೆಂಬುದನ್ನು ನೆನೆದರೆ ಇದರ ಮರ್ಮವು ತಿಳಿಯುತ್ತದೆ.

ನಮ್ಮ ದೇಶದಲ್ಲಿ ಇದಕ್ಕೆ ಸಮೀಪದ ಉದಾಹರಣೆ ಕಬಡ್ಡಿ. ನಮ್ಮ ಹಿರಿಯರು ಹುತುತು ಎಂದು ಕರೆದು, ಮಣ್ಣಿನ ಮೇಲೆ ಗೆರೆ ಕೊರೆದು ಆಡುತ್ತಿದ್ದ ಈ ಆಟಕ್ಕೆ 2014ರಲ್ಲಿ ಪ್ರೊ ಕಬಡ್ಡಿ ಲೀಗ್ ಎಂಬ ವೃತ್ತಿಪರ ಪಂದ್ಯಾವಳಿ ಆರಂಭವಾಯಿತು. ಇಲ್ಲಿ ಆಟಗಾರರನ್ನು ಆಯುವ ಮುಖ್ಯ ಬಗೆಯೇ ಬೇರೆ, ಅದು ಹರಾಜು. ತಂಡಗಳ ಒಡೆಯರು ಕುಳಿತು ಬೆಲೆ ಕೂಗುತ್ತಾರೆ. ಯಾವ ತಂಡವೂ ಮಿತಿಮೀರಿ ವೆಚ್ಚಮಾಡದಂತೆ ಒಟ್ಟು ಮೊತ್ತಕ್ಕೆ ಒಂದು ಕಟ್ಟು ಇರುತ್ತದೆ. 2024ರಲ್ಲಿ ಅದು ತಂಡವೊಂದಕ್ಕೆ 5 ಕೋಟಿ ರೂಪಾಯಿಗಳಷ್ಟಿತ್ತು. ನಮ್ಮ ನೆರೆಯ ಚಂದಗಡ ತಾಲೂಕಿನ ಹುಂದಳೇವಾಡಿಯ ಸಿದ್ಧಾರ್ಥ ದೇಸಾಯಿಯವರನ್ನು 2018ರಲ್ಲಿ ಮುಂಬಯಿಯ ತಂಡವು 36 ಲಕ್ಷ 40 ಸಾವಿರ ರೂಪಾಯಿಗಳಿಗೆ ಪಡೆದುಕೊಂಡಿತು. ಮರುವರ್ಷ ತೆಲುಗು ಟೈಟನ್ಸ್ ತಂಡವು 1 ಕೋಟಿ 45 ಲಕ್ಷ ರೂಪಾಯಿ ಕೊಟ್ಟು ಅವರನ್ನು ಕರೆದೊಯ್ದಿತು. ಆ ವರ್ಷದ ಹರಾಜಿನಲ್ಲಿ ಅದಕ್ಕಿಂತ ಹೆಚ್ಚಿನ ಬೆಲೆ ಯಾರಿಗೂ ಬರಲಿಲ್ಲ. ನಮ್ಮ ಸೀಮೆಯ ಹಳ್ಳಿಯ ಮಗನೊಬ್ಬನು ಈ ಎತ್ತರಕ್ಕೆ ಏರಿದುದನ್ನು ಕಂಡು ನಮ್ಮ ಹುಡುಗರ ಕಣ್ಣುಗಳಲ್ಲಿ ಕನಸುಗಳು ಮೂಡಿದರೆ ಆಶ್ಚರ್ಯವಿಲ್ಲ.

ಈ ಲೀಗಿನಲ್ಲಿ ಎರಡು ಬಗೆಯ ವಿಸ್ತಾರಗಳಾಗಿವೆ. ನನ್ನ ಈ ಬರಹದ ತಿರುಳು ಇಲ್ಲಿಯೇ ಇರುವುದರಿಂದ ಓದುಗರು ಗಮನವಿಟ್ಟು ನೋಡಬೇಕೆಂದು ವಿನಂತಿ. 2014ರಲ್ಲಿ ಒಟ್ಟು ತಂಡಗಳು 8 ಇದ್ದವು. 2017ರಲ್ಲಿ ಅವು 12 ಆದವು. ಇದು ಮೊದಲನೆಯ ಬಗೆಯ ವಿಸ್ತಾರ. ತಂಡಕ್ಕೆ 18 ಮಂದಿಯಂತೆ ಲೆಕ್ಕ ಹಾಕಿದರೆ 144 ಸ್ಥಾನಗಳಿದ್ದಲ್ಲಿ 216 ಆದಂತಾಯಿತು. ನಿಜವಾಗಿ 72 ಹೊಸ ಮಕ್ಕಳಿಗೆ ಬಾಗಿಲು ತೆರೆಯಿತು. ಎರಡನೆಯ ಬಗೆ ಬೇರೆ. ಸಾಮಾನ್ಯ ಪಂದ್ಯಗಳು ಮುಗಿದ ಮೇಲಿನ ಅಂತಿಮ ಘಟ್ಟಕ್ಕೆ ಮೊದಲು 4 ತಂಡಗಳು ಹೋಗುತ್ತಿದ್ದವು. 2017ರಲ್ಲಿ 6 ಹೋದವು. 2025ರಲ್ಲಿ 8 ತಂಡಗಳಿಗೆ ಆ ಅವಕಾಶ ದೊರೆಯಿತು. ಇದರಿಂದ ಪಂದ್ಯಗಳು ಹೆಚ್ಚಿದವು, ಕೊನೆಯವರೆಗೂ ಕುತೂಹಲ ಉಳಿಯಿತು. ಆದರೆ ತಂಡಗಳು 12 ಆಗಿಯೇ ಇದ್ದುದರಿಂದ ಇದರ ದೆಸೆಯಿಂದ ಒಬ್ಬನೇ ಒಬ್ಬ ಹೊಸ ಹುಡುಗನಿಗೂ ಸ್ಥಾನ ಹೆಚ್ಚಲಿಲ್ಲ!

ಅಮೇರಿಕೆಯ ಮಾತೂ ಹಾಗೆಯೇ. ಅಲ್ಲಿ ಮೇಲಿನ ದರ್ಜೆಯಲ್ಲಿ ಆಡುವ ಕಾಲೇಜುಗಳು 350ಕ್ಕೂ ಹೆಚ್ಚು. ಪಂದ್ಯಾವಳಿಗೆ 64ರ ಬದಲು 68 ತಂಡಗಳನ್ನು ಕರೆದರೆ ನಾಲ್ಕು ಕಾಲೇಜುಗಳಿಗೆ ಸಂತೋಷವಾಗುತ್ತದೆ. ಆದರೆ ಆ 350 ಕಾಲೇಜುಗಳ ತಂಡಗಳಲ್ಲಿರುವ ಹುಡುಗರ ಸಂಖ್ಯೆ ಹೆಚ್ಚುವುದಿಲ್ಲ. ತಂಡಕ್ಕೆ 13ರಂತೆ ಎಣಿಸಿದರೂ ಅಲ್ಲಿ 4,500 ಆಟಗಾರರಾಗುತ್ತಾರೆ. ಅವರ ಮುಂದಿರುವ ದೊಡ್ಡ ವೃತ್ತಿಪರ ಲೀಗು ವರ್ಷಕ್ಕೆ ಆಯ್ದುಕೊಳ್ಳುವ ಹೊಸಬರು ಸುಮಾರು 60 ಜನ. ಅವರಲ್ಲಿಯೂ ಕೆಲವರು ಪರದೇಶದವರು. ಹಾಗಾದರೆ ಉಳಿದವರ ಪಾಡೇನು? ಅವರನ್ನು ಕಾಯುವುದು ಕಾಲೇಜು ಕೊಟ್ಟ ವಿದ್ಯೆ ಮತ್ತು ಪದವಿ. ಪದವಿಯನ್ನು ಮುಗಿಸಿದವನಿಗೆ ಆಟವು ಕೈಬಿಟ್ಟರೂ ಬಾಳು ಕೈಬಿಡುವುದಿಲ್ಲ. ನಮ್ಮ ಹರಾಜಿನಲ್ಲಾದರೋ ಹಣವುಂಟು, ವಿದ್ಯೆಯಿಲ್ಲ. ಅದನ್ನು ನಾವೇ ಒದಗಿಸಿಕೊಳ್ಳಬೇಕು.

ಆದುದರಿಂದ ಮನೆಗೆ ಬಂದವರು “ಪಂದ್ಯಾವಳಿ ದೊಡ್ಡದಾಗಿದೆ” ಎಂದಾಗ ಪಾಲಕರು ಹಿಗ್ಗುವ ಮೊದಲು, “ಹೆಚ್ಚಿದ್ದು ಪಂದ್ಯಗಳೋ, ಸ್ಥಾನಗಳೋ?” ಎಂದು ಕೇಳಬೇಕು. ಎರಡನೆಯದಾಗಿ, ಹುಡುಗನ ಶಾಲೆಯ ಖರ್ಚನ್ನು ಯಾರು ಕೊಡುವರು, ಯಾವ ತರಗತಿಯವರೆಗೆ ಕೊಡುವರು ಎಂದು ಕೇಳಬೇಕು. ಮೂರನೆಯದಾಗಿ, ಕೈಕಾಲಿಗೆ ಪೆಟ್ಟಾದರೆ ಔಷಧೋಪಚಾರ ಯಾರದು, ಆಡಲಾಗದ ಕಾಲದಲ್ಲಿ ವಸತಿಯೂ ಓದೂ ಮುಂದುವರಿಯುವುವೆ ಎಂದು ಕೇಳಬೇಕು. ನಾಲ್ಕನೆಯದಾಗಿ, ಆಡಿದ ಮಾತೆಲ್ಲವೂ ತಮಗೆ ತಿಳಿಯುವ ಭಾಷೆಯಲ್ಲಿ ಕಾಗದದ ಮೇಲೆ ಬರಬೇಕೆಂದು ಹಟ ಹಿಡಿಯಬೇಕು. ಕೊನೆಯದಾಗಿ, ಹಿಂದೆ ಅವರೊಡನೆ ಹೋದ ಹುಡುಗರ ಮನೆಗಳಿಗೆ ಹೋಗಿ ವಿಚಾರಿಸಬೇಕು. ನಿಜವಾಗಿ ಮಕ್ಕಳ ಹಿತವನ್ನು ಬಯಸುವವರು ಈ ಪ್ರಶ್ನೆಗಳಿಗೆ ಬೇಸರಪಡಲಾರರು. ಬೇಸರಪಟ್ಟರೆ ಅದೇ ಉತ್ತರವೆಂದು ತಿಳಿಯಬಹುದು.

ಹಾಗೆಂದು ಮಕ್ಕಳನ್ನು ಆಟದಿಂದ ಹಿಂದೆಗೆಯಿರೆಂದು ನಾನು ಹೇಳುತ್ತಿಲ್ಲ. ಆಟವೂ ಓದೂ ಕೂಡಿ ನಡೆಯಬಲ್ಲವೆಂಬುದಕ್ಕೆ ನಮ್ಮ ಕೊಲ್ಲಾಪುರವೇ ಸಾಕ್ಷಿ. ಕರಾಡದ ಬಳಿಯ ಗೋಳೇಶ್ವರ ಎಂಬ ಹಳ್ಳಿಯ ಖಾಶಾಬಾ ಜಾಧವರು ಕೊಲ್ಲಾಪುರದ ರಾಜಾರಾಮ ಕಾಲೇಜಿನ ವಿದ್ಯಾರ್ಥಿಗಳಾಗಿದ್ದರು. ನಮ್ಮ ಕನ್ನಡದ ಕವಿ ವಿನಾಯಕ ಕೃಷ್ಣ ಗೋಕಾಕರೂ ಒಂದು ಕಾಲದಲ್ಲಿ ಪ್ರಾಚಾರ್ಯರಾಗಿದ್ದ ಕಾಲೇಜದು. 1948ರಲ್ಲಿ ಕೊಲ್ಲಾಪುರದ ಮಹಾರಾಜರ ನೆರವಿನಿಂದ ಲಂಡನ್ನಿನ ಒಲಿಂಪಿಕ್ಸಿಗೆ ಹೋದ ಖಾಶಾಬಾ ಆರನೆಯವರಾಗಿ ಮರಳಿದರು. 1952ರಲ್ಲಿ ಹೆಲ್ಸಿಂಕಿಗೆ ಹೋಗಲು ಹಣ ಸಾಲದಾದಾಗ, ಅದೇ ಕಾಲೇಜಿನಲ್ಲಿ ಹಿಂದೆ ಪ್ರಾಚಾರ್ಯರಾಗಿದ್ದ ಖರ್ಡೇಕರರು ತಮ್ಮ ಸ್ವಂತ ಮನೆಯನ್ನು ಒತ್ತೆಯಿಟ್ಟು 7,000 ರೂಪಾಯಿಗಳನ್ನು ಒದಗಿಸಿಕೊಟ್ಟರೆಂದು ಇಂದಿಗೂ ಹೇಳುತ್ತಾರೆ. ಖಾಶಾಬಾ ಅಲ್ಲಿ ಕಂಚಿನ ಪದಕವನ್ನು ಗೆದ್ದರು. ಸ್ವತಂತ್ರ ಭಾರತಕ್ಕೆ ಒಬ್ಬ ಆಟಗಾರನು ತಾನೊಬ್ಬನೇ ಗಳಿಸಿಕೊಟ್ಟ ಮೊದಲನೆಯ ಒಲಿಂಪಿಕ್ ಪದಕವದು. ಊರಿಗೆ ಮರಳಿದ ಮೇಲೆ ಕುಸ್ತಿಗಳನ್ನಾಡಿ ಹಣ ಕೂಡಿಸಿ ಆ ಸಾಲವನ್ನು ತೀರಿಸಿದರಂತೆ. ಪದಕವೊಂದೇ ಹೊಟ್ಟೆಯನ್ನು ತುಂಬಿಸಲಿಲ್ಲ. 1955ರಲ್ಲಿ ಅವರು ಪೊಲೀಸ್ ಖಾತೆಯ ನೌಕರಿಯನ್ನು ಸೇರಿದರು.

ಆ ಹಿರಿಯರು ತಮ್ಮ ವಿದ್ಯಾರ್ಥಿಯ ಏಳಿಗೆಗಾಗಿ ತಮ್ಮ ಮನೆಯನ್ನೇ ಒತ್ತೆಯಿಟ್ಟರು. ವಿದ್ಯಾರ್ಥಿಯ ಭವಿಷ್ಯವನ್ನು ಒತ್ತೆಯಿಡಲಿಲ್ಲ. ಪಾಲಕರೇ, ನಿಮ್ಮ ಮಗನನ್ನೋ ಮಗಳನ್ನೋ ಕರೆದೊಯ್ಯಲು ಬಂದವರನ್ನು ಈ ಒಂದು ಒರೆಗಲ್ಲಿಗೆ ಹಚ್ಚಿ ನೋಡಿರಿ. ಬಾಲಕ ಬಾಲಕಿಯರೇ, ನೀವು ಮನದಣಿಯೆ ಆಡಿರಿ, ಗೆಲ್ಲಿರಿ. ಆದರೆ ಸಂಜೆ ಅಂಗಳದಿಂದ ಮನೆಗೆ ಬಂದು ಕೈಕಾಲು ತೊಳೆದ ಮೇಲೆ ಪುಸ್ತಕವನ್ನು ತೆರೆಯಲು ಮರೆಯಬೇಡಿರಿ.