ಬಡಿಗನ ಭೂಮಿತಿ

ಭೂಮಿತಿಯೆಂದೊಡನೆ ನಮ್ಮಲ್ಲಿ ಅನೇಕರಿಗೆ ಪರೀಕ್ಷೆಯ ಹಿಂದಿನ ರಾತ್ರಿ ಬಾಯಿಪಾಠ ಮಾಡಿದ ಪ್ರಮೇಯಗಳು ನೆನಪಾಗುತ್ತವೆ. ಕಲಾ ವಿಭಾಗಕ್ಕೆ ಬಂದ ಮೇಲಂತೂ ಅದರ ಪೀಡೆ ತೊಲಗಿತೆಂದು ಹಿಗ್ಗಿದವರೇ ಹೆಚ್ಚು. ಆದರೆ ತಿಕೋಟಾ, ಬಬಲೇಶ್ವರದ ಕಡೆಯಿಂದ ಬರುವ ನಮ್ಮಂಥವರ ಮನೆಗಳಲ್ಲಿ, ಶಾಲೆಯ ಮೆಟ್ಟಿಲು ಹತ್ತದ ಹಿರಿಯರು ಅದೇ ಭೂಮಿತಿಯಿಂದ ಹೊಟ್ಟೆ ಹೊರೆದಿದ್ದಾರೆ. ಅವರ ಕೈಗೂ ನಮ್ಮ ಪುಸ್ತಕಕ್ಕೂ ಭೇಟಿಯೇ ಆಗಲಿಲ್ಲವೆಂಬುದು ನನ್ನ ಕೊರಗು.

ಬಾಗಿಲ ಚೌಕಟ್ಟನ್ನೇ ನೋಡಿರಿ. ಬಡಿಗನು ನಾಲ್ಕು ಕಟ್ಟಿಗೆಗಳನ್ನು ಕೂಡಿಸಿ, ಮೂಲೆಮಟ್ಟ ಇಟ್ಟು ನೋಡಿದರೂ ಅಷ್ಟಕ್ಕೆ ತೃಪ್ತನಾಗುವುದಿಲ್ಲ. ಮೂಲೆಯಿಂದ ಮೂಲೆಗೆ ಹುರಿ ಹಿಡಿದು ಎರಡೂ ಕರ್ಣಗಳನ್ನು ಅಳೆಯುತ್ತಾನೆ. 6 ಅಡಿ ಎತ್ತರ, 3 ಅಡಿ ಅಗಲದ ಚೌಕಟ್ಟಾದರೆ ಪ್ರತಿಯೊಂದು ಕರ್ಣವೂ ಸುಮಾರು 6 ಅಡಿ 8½ ಇಂಚು ಬರಬೇಕು. ಮೇಲಿನ ಪಟ್ಟಿ ಒಂದೇ ಇಂಚು ಒಂದು ಕಡೆಗೆ ವಾಲಿದರೂ ಸಾಕು, ಎರಡು ಕರ್ಣಗಳಲ್ಲಿ ಮುಕ್ಕಾಲು ಇಂಚಿಗೂ ಮಿಕ್ಕಿ ಅಂತರ ಕಾಣುತ್ತದೆ. ಕಣ್ಣಿಗೆ ಕಾಣದ ಓರೆಯನ್ನು ಹುರಿ ಹೇಳಿಬಿಡುತ್ತದೆ! ಇಲ್ಲಿ ಒಂದು ಮಾತು: ಕರ್ಣಗಳು ಸಮನಾದ ಮಾತ್ರಕ್ಕೆ ಆಕೃತಿ ಆಯತವಾಗದು. ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದು, ಎರಡು ಪಕ್ಕಗಳೂ ಸಮನಾಗಿ ಓರೆಯಾದ ಚೌಕಟ್ಟಿನಲ್ಲಿಯೂ ಕರ್ಣಗಳು ಸಮವೇ. ಆದ್ದರಿಂದಲೇ ಜಾಣ ಬಡಿಗನು ಎದುರುಬದುರಿನ ಬಾಹುಗಳನ್ನು ಮೊದಲೇ ಸರಿಗಟ್ಟಿಕೊಂಡಿರುತ್ತಾನೆ. ಪ್ರಮೇಯದ ‘ದತ್ತ’ವೆಂದರೆ ಇದೇ ಅಲ್ಲವೇ?

ಹೊಲದಲ್ಲಿಯೂ ಹೀಗೆಯೇ. ದ್ರಾಕ್ಷಿ ಸಾಲುಗಳಿಗೆ ಮೂಲೆ ಹಿಡಿಯಲು ಗೂಟದಿಂದ ಒಂದು ಕಡೆಗೆ 3 ಅಡಿ, ಇನ್ನೊಂದು ಕಡೆಗೆ 4 ಅಡಿ ಅಳೆದು, ನಡುವಿನ ಅಂತರ 5 ಅಡಿ ಬರುವಂತೆ ಹಗ್ಗವನ್ನು ಸರಿಸಿದರೆ ಲಂಬಕೋನ ಸಿದ್ಧ. 6, 8, 10 ಅಡಿ ಹಿಡಿದರೆ ಇನ್ನೂ ಒಳಿತು. ತ್ರಿಕೋನ ದೊಡ್ಡದಾದಷ್ಟೂ ಅಳತೆಯ ಸಣ್ಣ ದೋಷದಿಂದ ಮೂಲೆ ಕೆಡುವುದು ಕಡಿಮೆ. ಯಜ್ಞವೇದಿಗಳನ್ನು ಅಳೆಯುವ ವಿಧಿ ಹೇಳಿದ ಬೌಧಾಯನನ ಗ್ರಂಥಕ್ಕೆ ಶುಲ್ಬಸೂತ್ರವೆಂದು ಹೆಸರು, ‘ಶುಲ್ಬ’ವೆಂದರೆ ಹಗ್ಗವೇ. 1937ರ ವಾರ್ಧಾ ಯೋಜನೆಯಲ್ಲಿ ಗಾಂಧೀಜಿಯವರು ಕೈಕಸಬಿನ ಮೂಲಕವೇ ಪಾಠ ನಡೆಯಲಿ ಎಂದದ್ದೂ ಇಂಥ ವಿದ್ಯೆಯನ್ನು ನೆನೆದೇ.

ನಮ್ಮೂರಿನ ಗೋಲಗುಮ್ಮಟಕ್ಕಿಂತ ದೊಡ್ಡ ಪಾಠ ಬೇರೆಲ್ಲಿದೆ? 1656ರಲ್ಲಿ ತೀರಿಕೊಂಡ ಮಹಮ್ಮದ ಆದಿಲಶಾಹನ ಈ ಗೋರಿಯ ಒಳಾಂಗಣವು ಸುಮಾರು 135 ಅಡಿಯ ಚೌಕ. ಮೇಲಿರುವುದು ಸುಮಾರು 124 ಅಡಿ ವ್ಯಾಸದ ದುಂಡು ಗುಮ್ಮಟ. ಚೌಕದ ಮೇಲೆ ದುಂಡು ಕೂತದ್ದು ಹೇಗೆ? ಒಂದರ ಮೇಲೊಂದು ತಿರುಗಿಸಿಟ್ಟ ಎರಡು ಚೌಕಗಳ ರೇಖೆಯಲ್ಲಿ ಎಂಟು ಕಮಾನುಗಳು ಒಂದನ್ನೊಂದು ಹಾಯ್ದು, ಚೌಕವನ್ನು ದುಂಡಿನ ಸಮೀಪಕ್ಕೆ ತಂದಿವೆ.

ಇದನ್ನು ಕಾಣಲು ಗುಮ್ಮಟವನ್ನು ಹತ್ತಬೇಕೆಂದೇನೂ ಇಲ್ಲ. ತೆಳುವಾದ ಹಲಗೆಯಲ್ಲಿ ಒಂದೊಂದು ಅಡಿಯ ಎರಡು ಚೌಕಗಳನ್ನು ಕೊಯ್ದು, ನಟ್ಟನಡುವೆ ಮೊಳೆ ಹೊಡೆದು ಮೇಲಿನದನ್ನು ತಿರುಗಿಸಿರಿ. ಎರಡಕ್ಕೂ ಸಮಾನವಾದ ಭಾಗದ ಎಂಟು ಬಾಹುಗಳು ಸಮವಾದಲ್ಲಿ ನಿಲ್ಲಿಸಿ ಅಳೆಯಿರಿ: ಒಂದೊಂದೂ 5 ಇಂಚಿಗೆ ಕೂದಲೆಳೆಯಷ್ಟು ಕಡಿಮೆ ಬರುತ್ತದೆ.