ವಿಶ್ವವಿದ್ಯಾಲಯದ ವಿಭಜನೆ ಮತ್ತು ಆಡಳಿತ: ವರ್ತಕರು ಅರಿಯಬೇಕಾದ ಅಂಶಗಳು

ಕೋಲಾರ, ಮಾಲೂರು, ಮುಳಬಾಗಿಲು ಹಾಗೂ ಶ್ರೀನಿವಾಸಪುರ ತಾಲ್ಲೂಕುಗಳ ಪದವಿ ಕಾಲೇಜುಗಳು ದಶಕಗಳ ಕಾಲ ಬೆಂಗಳೂರು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದವು. 1964ರಲ್ಲಿ ಸ್ಥಾಪಿತವಾದ ಆ ಸಂಸ್ಥೆಯ ಹೊರೆ ಮಿತಿಮೀರಿದ್ದರಿಂದ 2017ರಲ್ಲಿ ಅದನ್ನು ಮೂರಾಗಿ ವಿಭಜಿಸಲಾಯಿತು. ಮೂಲ ಸಂಸ್ಥೆ ಹಾಗೂ ಅಂದಿನ ಬೆಂಗಳೂರು ಕೇಂದ್ರ ವಿಶ್ವವಿದ್ಯಾಲಯದ ಜೊತೆಗೆ ಬೆಂಗಳೂರು ಉತ್ತರ ವಿಶ್ವವಿದ್ಯಾಲಯವು ಕೋಲಾರದ ಟಮಕದಲ್ಲಿ ಕಾರ್ಯಾರಂಭ ಮಾಡಿತು. ಜ್ಞಾನಭಾರತಿಗೆ ಅಲೆಯುತ್ತಿದ್ದ ನಮ್ಮ ಜಿಲ್ಲೆಯ ಜನರಿಗೆ ವಿಶ್ವವಿದ್ಯಾಲಯದ ಕಛೇರಿ ಹತ್ತಿರವಾಯಿತು.

ಇಂತಹ ವಿಭಜನೆಯಲ್ಲಿ ಪಾಠಪ್ರವಚನಕ್ಕಿಂತ ಹೆಚ್ಚಿನ ಭಾರ ಬೀಳುವುದು ಆಡಳಿತ ಸಿಬ್ಬಂದಿಯ ಮೇಲೆ. ದಾಖಲೆಗಳ ಹಂಚಿಕೆ, ಪರೀಕ್ಷೆ, ಲೆಕ್ಕಪತ್ರ, ಖರೀದಿ ಎಲ್ಲವನ್ನೂ ಹೊಸದಾಗಿ ಕಟ್ಟಬೇಕಾಗುತ್ತದೆ. ಅದರ ಪರಿಣಾಮ ಉದ್ಯೋಗದಾತರನ್ನೂ ಸರಬರಾಜುದಾರರನ್ನೂ ತಟ್ಟುತ್ತದೆ.

ಯಾವ ಕೆಲಸಕ್ಕೆ ಯಾವ ಅಧಿಕಾರಿ?

ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ, 2000ರ ಪ್ರಕಾರ ಕುಲಪತಿಗಳು ಮುಖ್ಯ ಆಡಳಿತಾಧಿಕಾರಿ. ಕಛೇರಿ ವ್ಯವಹಾರ ಕುಲಸಚಿವರದು. ಪರೀಕ್ಷೆ, ಅಂಕಪಟ್ಟಿ ಕುಲಸಚಿವರು (ಮೌಲ್ಯಮಾಪನ) ಅವರದು. ಲೆಕ್ಕಪತ್ರ ಹಾಗೂ ಪಾವತಿ ಹಣಕಾಸು ಅಧಿಕಾರಿಯದು. ಬಿಲ್ಲಿನ ವಿಚಾರವನ್ನು ಪರೀಕ್ಷಾ ವಿಭಾಗದಲ್ಲಿ ವಿಚಾರಿಸಿದರೆ ಕಾಲಹರಣವೇ ಹೊರತು ಫಲವಿಲ್ಲ.

ಪ್ರಮಾಣಪತ್ರಗಳ ಪರಿಶೀಲನೆ

ವಿಭಜನೆಯ ನಂತರ ಒಂದೇ ಕಾಲೇಜಿನಲ್ಲಿ ಓದಿದ ಇಬ್ಬರ ಪದವಿ ಪತ್ರಗಳು ಎರಡು ವಿಶ್ವವಿದ್ಯಾಲಯಗಳ ಹೆಸರಿನಲ್ಲಿರಬಹುದು. ಇದರಲ್ಲಿ ಸಂಶಯಪಡುವಂತಹದ್ದೇನೂ ಇಲ್ಲ. ನೇಮಕದ ವೇಳೆ ಕಾಲೇಜಿನ ಹೆಸರನ್ನಲ್ಲ, ಅಂಕಪಟ್ಟಿ ನೀಡಿದ ವಿಶ್ವವಿದ್ಯಾಲಯದ ಹೆಸರನ್ನು ನೋಡಿ, ಪರಿಶೀಲನೆಗಾಗಿ ಅಲ್ಲಿಗೇ ಬರೆಯುವುದು ಸೂಕ್ತ.

ಪಠ್ಯಕ್ರಮವೂ ಬದಲಾಗಿದೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕನೆಯ ವರ್ಷದ ಆನರ್ಸ್ ಅವಕಾಶವಿರುವ ಪದವಿಯನ್ನು ರಾಜ್ಯ ಜಾರಿಗೊಳಿಸಿತು. 2024-25ರಿಂದ ಮೂರು ವರ್ಷದ ಪದವಿಗೆ ಮರಳಿತು. ಆದ್ದರಿಂದ ಅಭ್ಯರ್ಥಿ ಯಾವ ವರ್ಷ ಪ್ರವೇಶ ಪಡೆದನೆಂಬುದನ್ನು ಕೇಳಿ ತಿಳಿಯುವುದು ಒಳಿತು. ನರಸಾಪುರ, ವೇಮಗಲ್, ಮಾಲೂರು ಕೈಗಾರಿಕಾ ಪ್ರದೇಶಗಳ ಉದ್ದಿಮೆದಾರರಿಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ.

ಸರಬರಾಜು ಮತ್ತು ಬಾಕಿ ವಸೂಲಿ

ಲೇಖನ ಸಾಮಗ್ರಿ, ಪೀಠೋಪಕರಣ, ಮುದ್ರಣ, ಪ್ರಯೋಗಾಲಯದ ಉಪಕರಣ ಮುಂತಾದವನ್ನು ಪೂರೈಸುವ ಸದಸ್ಯರು ಮೊದಲು ಖರೀದಿದಾರ ಯಾರೆಂಬುದನ್ನು ಖಚಿತಪಡಿಸಿಕೊಳ್ಳಬೇಕು. ಸಂಯೋಜಿತ ಖಾಸಗಿ ಕಾಲೇಜು ತನ್ನ ಆಡಳಿತ ಮಂಡಳಿಯ ಹೆಸರಿನಲ್ಲಿ ಮಾಡುವ ಖರೀದಿಗೆ ವಿಶ್ವವಿದ್ಯಾಲಯ ಹೊಣೆಯಲ್ಲ. ವಿಶ್ವವಿದ್ಯಾಲಯದ ಸ್ವಂತ ಖರೀದಿಗೆ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ ಅನ್ವಯಿಸುತ್ತದೆ. ಬಾಯಿಮಾತಿನ ಆದೇಶವನ್ನು ನಂಬಿ ಸರಕು ಕಳುಹಿಸುವುದು ಅಪಾಯಕರ.

ಅಧಿಕಾರಿಗಳು ವರ್ಗವಾಗುವುದು ಸಹಜ. ಉಳಿಯುವುದು ಕಡತ ಮಾತ್ರ. ಆದಕಾರಣ ಈ ಕೆಳಗಿನವು ಕೈಯಲ್ಲಿರಲಿ:

1. ದಿನಾಂಕ, ಸಂಖ್ಯೆ ಹಾಗೂ ಅಧಿಕಾರಿಯ ಪದನಾಮವುಳ್ಳ ಖರೀದಿ ಆದೇಶ.
2. ಸರಕು ಸ್ವೀಕರಿಸಿದ ಬಗ್ಗೆ ಮೊಹರು ಸಹಿತ ರಸೀದಿ.
3. ಆದೇಶ ನೀಡಿದ ಸಂಸ್ಥೆಯ ಹೆಸರಿನಲ್ಲಿಯೇ ಇರುವ ಬಿಲ್ಲು ಮತ್ತು ಅದನ್ನು ಸಲ್ಲಿಸಿದ ಸ್ವೀಕೃತಿ.

ಪಾವತಿ ವಿಳಂಬವಾದರೆ 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಅಧಿನಿಯಮ ನೆರವಾಗುತ್ತದೆ. ಲಿಖಿತ ಒಪ್ಪಂದವಿದ್ದರೂ ಪಾವತಿಯ ಅವಧಿ 45 ದಿನಗಳನ್ನು ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸಲ್ಲಬೇಕು. ನೋಂದಾಯಿತ ಸೂಕ್ಷ್ಮ ಹಾಗೂ ಸಣ್ಣ ಉದ್ದಿಮೆಗಳು ಸೌಲಭ್ಯ ಮಂಡಳಿಗೆ ದೂರು ಸಲ್ಲಿಸಬಹುದು. ಆದರೆ ಒಂದು ಎಚ್ಚರಿಕೆ ಅಗತ್ಯ. 2021ರ ಜುಲೈಯಲ್ಲಿ ಚಿಲ್ಲರೆ ಮತ್ತು ಸಗಟು ವರ್ತಕರಿಗೆ ಉದ್ಯಮ್ ನೋಂದಣಿಗೆ ಅವಕಾಶ ನೀಡಿದ್ದು ಬ್ಯಾಂಕುಗಳ ಆದ್ಯತಾ ವಲಯದ ಸಾಲಕ್ಕಾಗಿ ಮಾತ್ರ. ತಯಾರಕರಿಗೂ ಸೇವಾ ಉದ್ದಿಮೆಗಳಿಗೂ ಇರುವ ಈ ರಕ್ಷಣೆ ಕೇವಲ ಕೊಂಡು ಮಾರುವವರಿಗೆ ದೊರೆಯದು. ಅವರು ಒಪ್ಪಂದದಲ್ಲಿಯೇ ಪಾವತಿಯ ಅವಧಿ ಹಾಗೂ ಬಡ್ಡಿಯನ್ನು ನಮೂದಿಸಿಕೊಳ್ಳತಕ್ಕದ್ದು.

ಶಿಶಿಕ್ಷು ತರಬೇತಿ

30 ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳು ಶಿಶಿಕ್ಷುಗಳನ್ನು ನೇಮಿಸಿಕೊಳ್ಳುವುದು ಕಡ್ಡಾಯ. 4ರಿಂದ 29 ಮಂದಿ ಇರುವಲ್ಲಿ ಐಚ್ಛಿಕ. ಸಮೀಪದ ಕಾಲೇಜುಗಳ ಪದವೀಧರರನ್ನು ಈ ಯೋಜನೆಯಡಿ ಪಡೆದರೆ ಉದ್ದಿಮೆಗೂ ಯುವಜನರಿಗೂ ಲಾಭ.

ವಿಶ್ವವಿದ್ಯಾಲಯ ಹತ್ತಿರ ಬಂದ ಮಾತ್ರಕ್ಕೆ ವ್ಯವಹಾರ ಸುಗಮವಾಗದು. ಅದರ ಆಡಳಿತದ ಕ್ರಮವನ್ನು ಅರಿತು, ದಾಖಲೆಗಳನ್ನು ಸರಿಯಾಗಿಟ್ಟುಕೊಂಡವರಿಗೆ ಮಾತ್ರ ಆ ಸಾಮೀಪ್ಯದ ಪ್ರಯೋಜನ ದಕ್ಕುತ್ತದೆ.