ಗೇಟು ದಾಟಿದ ಪಾದರಸ

ಮಾರ್ಚ್ ಮೊದಲ ವಾರ ಬಂತೆಂದರೆ ದೇಶದ ಕಾರ್ಖಾನೆಗಳಲ್ಲೆಲ್ಲ ಸುರಕ್ಷತೆಯ ಸಡಗರ. ರಾಷ್ಟ್ರೀಯ ಸುರಕ್ಷತಾ ಮಂಡಳಿ ಸ್ಥಾಪನೆಯಾದದ್ದು 1966ರ ಮಾರ್ಚ್ 4ರಂದು. ಅದರ ನೆನಪಿಗೆ ಆ ದಿನದಿಂದ ಒಂದು ವಾರ ಬ್ಯಾನರು, ಪ್ರತಿಜ್ಞೆ, ಘೋಷಣೆ ಬರೆಯುವ ಸ್ಪರ್ಧೆ, ಗೆದ್ದವರಿಗೆ ಟಿಫಿನ್ ಡಬ್ಬಿ. 2001ರಲ್ಲಿ ಆ ವಾರದ ನಡುವೆಯೇ, ಮಾರ್ಚ್ 7ರಂದು, ಕೊಡೈಕನಾಲಿನ ಮೂಂಜಿಕ್ಕಲ್‌ನಲ್ಲಿ ಒಂದು ಗುಜರಿ ಅಂಗಡಿಯ ಮುಂದೆ ಊರವರು ಜಮಾಯಿಸಿದರು. ಅಲ್ಲಿ ರಾಶಿ ಬಿದ್ದಿದ್ದದ್ದು ಏಳು ಟನ್ನಿಗೂ ಹೆಚ್ಚು ಒಡೆದ ಗಾಜು, ಗಾಜಿಗೆ ಅಂಟಿಕೊಂಡ ಪಾದರಸ. ಬಂದದ್ದು ಅದೇ ಊರಿನ ಥರ್ಮಾಮೀಟರ್ ಕಾರ್ಖಾನೆಯಿಂದ. ಮರುದಿನದಿಂದ ಕಾರ್ಖಾನೆ ನಡೆಯಲಿಲ್ಲ.

ಕೊಡೈಕನಾಲ್ ಎಂದರೆ ನಮಗೆ ಮಧುಚಂದ್ರ, ಮಂಜು, ಸರೋವರದ ದೋಣಿ. ಅದು ದಿಂಡಿಗಲ್ ಜಿಲ್ಲೆಯ ಊರು. ಕಾರ್ಖಾನೆಯಿದ್ದ ದಿಬ್ಬದ ಕೆಳಗೇ ಪಾಂಬಾರ್ ಶೋಲಾ ಕಾಡು. ಆ ಕಾಡಿನ ನೀರು ಪೆರಿಯಕುಳಂ ಕಡೆಗೆ, ಅಂದರೆ ತೇನಿ ಜಿಲ್ಲೆಗೆ ಇಳಿಯುತ್ತದೆ. ಪ್ರವಾಸಿಗರು ತಲೆಯೊಡ್ಡಿ ನಿಲ್ಲುವ ಕುಂಬಕ್ಕರೈ ಜಲಪಾತದ ನೀರು ಅದೇ. ತೇನಿ, ಬೋಡಿನಾಯಕನೂರು, ಕಂಬಂ ಸುತ್ತಮುತ್ತ ತಲೆಮಾರುಗಳಿಂದ ಮನೆಯೊಳಗೆ ಕನ್ನಡವನ್ನೇ ಆಡುತ್ತ ಬಂದ ಕಾಪ್ಪಿಲಿಯರ್ ಒಕ್ಕಲಿಗರಿದ್ದಾರೆ. ಅವರ ಕನ್ನಡಕ್ಕೆ ನಮ್ಮ ಪತ್ರಿಕೆಗಳ ಪರಿಚಯವಿಲ್ಲ, ನಮಗೆ ಅವರದಿಲ್ಲ. ಕೊಡೈಕನಾಲ್ ಇರುವ ಪಳನಿ ಬೆಟ್ಟಸಾಲು ಮಾತ್ರ ಅವರ ಪಾಲಿಗೆ ಹಿತ್ತಲ ಗೋಡೆ ಇದ್ದಂತೆ.

ಕಾರ್ಖಾನೆ ಹುಟ್ಟಿದ್ದು ಇಲ್ಲಲ್ಲ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ವಾಟರ್‌ಟೌನ್‌ನಲ್ಲಿದ್ದ ಚೆಸ್‌ಬ್ರೋ-ಪಾಂಡ್ಸ್ ಕಂಪನಿಯ ಘಟಕವನ್ನು 1980ರ ದಶಕದ ಆರಂಭದಲ್ಲಿ ಕಳಚಿ ತಂದು ಈ ಬೆಟ್ಟದ ಮೇಲೆ ಜೋಡಿಸಿದರು. ಪಾದರಸವೂ ಗಾಜೂ ಹೊರದೇಶದಿಂದ ಬರುತ್ತಿದ್ದವು, ತಯಾರಾದ ಥರ್ಮಾಮೀಟರುಗಳು ಹೊರದೇಶಕ್ಕೇ ಹೋಗುತ್ತಿದ್ದವು. ಇಲ್ಲಿ ಉಳಿಯುತ್ತಿದ್ದದ್ದು ಕೂಲಿ ಮತ್ತು ಕಸ. ಯೂನಿಲಿವರ್ ಜಾಗತಿಕವಾಗಿ ಚೆಸ್‌ಬ್ರೋ-ಪಾಂಡ್ಸ್ ಅನ್ನು ಕೊಂಡ ಮೇಲೆ ಕಾರ್ಖಾನೆ ಹಿಂದೂಸ್ತಾನ್ ಲಿವರ್ ತೆಕ್ಕೆಗೆ ಬಂತು.

ರಾಸಾಯನಿಕ ಕಾರ್ಖಾನೆ ಎಂದೊಡನೆ ಕಣ್ಣ ಮುಂದೆ ಬರುವುದು ಸ್ಫೋಟ, ಬೆಂಕಿ, ಭೋಪಾಲ. ನಮ್ಮ ಸುರಕ್ಷತಾ ಪದ್ಧತಿಯೂ ಬಹುಮಟ್ಟಿಗೆ ಆ ಭಯದ ಸುತ್ತಲೇ ಬೆಳೆದಿದೆ. ಯಾವ ಕಾರ್ಖಾನೆಯ ಗೇಟಿನಲ್ಲಿ ನೋಡಿ, ‘ಅಪಘಾತವಿಲ್ಲದ ದಿನಗಳು’ ಎಂಬ ಫಲಕ ಇರುತ್ತದೆ. ಪ್ರತಿ ಬೆಳಗ್ಗೆ ಒಬ್ಬ ಸೆಕ್ಯುರಿಟಿ ಅಂಕಿ ಬದಲಿಸುತ್ತಾನೆ. ಅಮೆರಿಕದ ವಿಮಾ ಕಂಪನಿಯೊಂದರಲ್ಲಿದ್ದ ಹೈನ್‌ರಿಕ್ 1931ರಲ್ಲಿ ಒಂದು ಲೆಕ್ಕ ಹೇಳಿದ: ಒಂದು ದೊಡ್ಡ ಗಾಯದ ಹಿಂದೆ 29 ಸಣ್ಣ ಗಾಯಗಳೂ ಗಾಯವಾಗದೆ ತಪ್ಪಿಹೋದ 300 ಪ್ರಸಂಗಗಳೂ ಇರುತ್ತವೆ ಎಂದು. ಆ ಅನುಪಾತವನ್ನು ತಜ್ಞರು ಈಗ ಅಷ್ಟಾಗಿ ನಂಬುವುದಿಲ್ಲ. ಆದರೂ ಶಾಪ್ ಫ್ಲೋರಿನಲ್ಲಿ ‘ನಿಯರ್ ಮಿಸ್’ ಪುಸ್ತಕ ಬಂದದ್ದು ಆ ಯೋಚನೆಯಿಂದಲೇ. ಕೂದಲೆಳೆಯಲ್ಲಿ ತಪ್ಪಿದ್ದನ್ನು ಬರೆದಿಡು, ಮುಂದಿನ ಸಲ ತಪ್ಪದಿರಬಹುದು. ಒಳ್ಳೆಯ ಪದ್ಧತಿ.

ಪಾದರಸದ ಮುಂದೆ ಮಾತ್ರ ಈ ಫಲಕವೂ ಕುರುಡು, ಪುಸ್ತಕವೂ ಕುರುಡು. ಪಾದರಸ ಸಿಡಿಯುವುದಿಲ್ಲ, ಉರಿಯುವುದಿಲ್ಲ, ಮೂಗಿಗೆ ಬಡಿಯುವುದಿಲ್ಲ. ಸಾಮಾನ್ಯ ಉಷ್ಣತೆಯಲ್ಲೇ ಸದ್ದಿಲ್ಲದೆ ಆವಿಯಾಗುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಗಾಳಿಯಾಡದ ಕೋಣೆಯಲ್ಲಿ ಅದನ್ನು ತೆರೆದಿಟ್ಟರೆ ಒಂದು ಘನ ಮೀಟರ್ ಗಾಳಿ ಸುಮಾರು 13 ಮಿಲಿಗ್ರಾಂ ಆವಿಯನ್ನು ಹೊರಬಲ್ಲದು. ನಮ್ಮ ಕಾರ್ಖಾನೆ ಕಾಯ್ದೆಯ ಎರಡನೆಯ ಅನುಸೂಚಿ ಎಂಟು ಗಂಟೆಯ ಸರಾಸರಿಗೆ ಇಟ್ಟಿದ್ದ ಮಿತಿ 0.05 ಮಿಲಿಗ್ರಾಂ. ಎರಡರ ನಡುವಿನ ಅಂತರ ಇನ್ನೂರು ಪಟ್ಟಿಗೂ ಹೆಚ್ಚು. ಮೈಗೆ ಸೇರಿದ ಮೇಲೂ ಅದು ಅವಸರ ಮಾಡುವುದಿಲ್ಲ. ವಸಡು ಊದುತ್ತದೆ, ಬೆರಳು ನಡುಗತೊಡಗುತ್ತದೆ, ಮರೆವು ಬರುತ್ತದೆ, ಕಾರಣವಿಲ್ಲದೆ ಸಿಡಿಮಿಡಿ ಹೆಚ್ಚುತ್ತದೆ, ಮೂತ್ರಪಿಂಡ ಸೋಲುತ್ತದೆ. ಮನೆಯವರು ಇದನ್ನು ಸುಸ್ತು ಎನ್ನುತ್ತಾರೆ, ಕುಡಿತ ಎನ್ನುತ್ತಾರೆ, ವಯಸ್ಸು ಎನ್ನುತ್ತಾರೆ. ಗೇಟಿನ ಫಲಕದಲ್ಲಿ ಅಂಕಿ ಏರುತ್ತಲೇ ಇರುತ್ತದೆ.

ಇಂಥ ಕಡೆ ನಿರಂತರ ಸುಧಾರಣೆ ಎಂದರೆ ಏನು? ಕೈಜೆನ್ ಎಂಬ ಜಪಾನಿ ಪದ್ಧತಿ ಈಗ ನಮ್ಮ ಸಣ್ಣ ಕೈಗಾರಿಕಾ ವಸಾಹತುಗಳಿಗೂ ಬಂದಿದೆ. ಗೋಡೆಯ ಮೇಲೆ ‘ಮೊದಲು’, ‘ನಂತರ’ ಎಂದು ಎರಡು ಫೋಟೊ ಅಂಟಿಸಿದರೆ ಆಯಿತು ಎಂದುಕೊಂಡವರೂ ಇದ್ದಾರೆ. ಪಾದರಸ ಹಿಡಿಯುವ ಕೋಣೆಯಲ್ಲಿ ಸುಧಾರಣೆ ಎನ್ನುವುದು ತೀರ ಸಣ್ಣ ಸಣ್ಣ ಕೆಲಸ. ಒಂದು ಹನಿ ಕೆಳಗೆ ಬಿತ್ತೆನ್ನಿ. ಅದು ನೂರು ಮಣಿಯಾಗಿ ಒಡೆದು ನೆಲದ ಬಿರುಕಿಗೆ, ಮೇಜಿನ ಸಂದಿಗೆ, ಚಪ್ಪಲಿಯ ಅಟ್ಟೆಗೆ ಸೇರುತ್ತದೆ. ಪೊರಕೆ ಹಿಡಿದು ಗುಡಿಸಿದರೆ ಮಣಿಗಳು ಇನ್ನಷ್ಟು ಪುಡಿಯಾಗಿ ಆವಿಯೇಳುವ ಮೈ ಹೆಚ್ಚುತ್ತದೆ. ಮನೆಬಳಕೆಯ ವ್ಯಾಕ್ಯೂಮ್ ಕ್ಲೀನರ್ ಹಾಕಿದರೆ ಇನ್ನೂ ಕೆಟ್ಟದು, ಬಿಸಿಗಾಳಿಯ ಜೊತೆ ಕೋಣೆಯಿಡೀ ಹರಡುತ್ತದೆ. ಆದ್ದರಿಂದ ನೆಲಕ್ಕೆ ಸಂದಿಲ್ಲದ ನುಣುಪು ಹಾಸು ಬೇಕು, ಹನಿ ಉರುಳಿ ಒಂದೇ ಕಡೆ ಸೇರಲು ಸಣ್ಣ ಇಳಿಜಾರು ಬೇಕು, ಮೇಜಿಗೆ ಅಂಚೆತ್ತಿದ ತಟ್ಟೆ ಬೇಕು, ಆವಿ ಎಳೆಯುವ ಕೊಳವೆಯ ಬಾಯಿ ಕೆಲಸಗಾರನ ಮೂಗಿಗಿಂತ ಪಾದರಸಕ್ಕೆ ಹತ್ತಿರ ಇರಬೇಕು. ಮನೆಯ ಬಟ್ಟೆಗೊಂದು, ಕೆಲಸದ ಬಟ್ಟೆಗೊಂದು ಬೇರೆ ಬೇರೆ ಲಾಕರ್, ಎರಡರ ನಡುವೆ ಸ್ನಾನದ ಮನೆ. ಕೆಲಸದ ಬಟ್ಟೆ ಕಾರ್ಖಾನೆಯಲ್ಲೇ ಒಗೆಯಬೇಕು. ಅದು ಮನೆಗೆ ಹೋದರೆ ಒಗೆಯುವವಳಿಗೂ, ಅಪ್ಪ ಬಂದೊಡನೆ ಮಡಿಲಿಗೆ ಹತ್ತುವ ಮಗುವಿಗೂ ಪಾಲು ಸಿಗುತ್ತದೆ. ಇದರಲ್ಲಿ ಯಾವುದೂ ದೊಡ್ಡ ತಂತ್ರಜ್ಞಾನವಲ್ಲ. ಯಾವ ಸಂದಿಯಲ್ಲಿ ಹನಿ ಕೂರುತ್ತದೆ ಎಂದು ಗೊತ್ತಿರುವುದು ಮೇಜಿನ ಮುಂದೆ ಕೂತವರಿಗೇ. ಅವರನ್ನು ಕೇಳದೆ ಸುಧಾರಣೆ ಸಾಧ್ಯವಿಲ್ಲ.

ಕೇಳಿದರಷ್ಟೇ ಸಾಲದು, ಅವರಿಗೆ ಹೇಳಲೂಬೇಕು. ಭೋಪಾಲದ ನಂತರ 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಂದ ತಿದ್ದುಪಡಿಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು 41-ಸಿ ಕಲಂ. ಅಪಾಯಕಾರಿ ಪ್ರಕ್ರಿಯೆ ನಡೆಸುವ ಕಾರ್ಖಾನೆ ಕಾರ್ಮಿಕರ ಆರೋಗ್ಯದ ದಾಖಲೆಯನ್ನು ತಪ್ಪಿಲ್ಲದೆ ಇಡಬೇಕಿತ್ತು, ಅದು ಕಾರ್ಮಿಕರಿಗೆ ನೋಡಲು ಸಿಗಬೇಕಿತ್ತು, ವರ್ಷಕ್ಕೊಮ್ಮೆಯಾದರೂ ವೈದ್ಯಕೀಯ ತಪಾಸಣೆ ನಡೆಯಬೇಕಿತ್ತು. 41-ಜಿ ಪ್ರಕಾರ ಸುರಕ್ಷತಾ ಸಮಿತಿಯಲ್ಲಿ ಆಡಳಿತದವರಷ್ಟೇ ಸಂಖ್ಯೆಯ ಕಾರ್ಮಿಕ ಪ್ರತಿನಿಧಿಗಳಿರಬೇಕಿತ್ತು. ಪಾದರಸದ ವಿಷಬಾಧೆ ಕಂಡ ವೈದ್ಯ ಮುಖ್ಯ ಕಾರ್ಖಾನೆ ನಿರೀಕ್ಷಕರಿಗೆ ತಿಳಿಸುವುದು ಕಡ್ಡಾಯವಾಗಿತ್ತು. ಕೊಡೈಕನಾಲಿನ ಕಾರ್ಖಾನೆ ನಡೆದ ಹೆಚ್ಚಿನ ವರ್ಷಗಳು ಈ ತಿದ್ದುಪಡಿಯ ನಂತರದವು. ಮೂಗಿಗೆ ಕಣ್ಣಿಗೆ ತಿಳಿಯದ ವಿಷಕ್ಕೆ ಅಳತೆಯೊಂದೇ ಸಾಕ್ಷಿ. ಗಾಳಿಯಲ್ಲೆಷ್ಟು, ಮೂತ್ರದಲ್ಲೆಷ್ಟು ಎಂಬ ಅಂಕಿ ಮ್ಯಾನೇಜರ ಕಪಾಟಿನಲ್ಲಿ ಉಳಿದರೆ ಅದು ಕಚೇರಿ ಕಾಗದ. ಕಾರ್ಮಿಕನ ಕೈಗೆ ಬಂದರೆ ಅವನು ಮೇಜು ಬಿಟ್ಟು ಎದ್ದು ಬರಬಲ್ಲ.

ಹಿಂದೆ ಅಮೆರಿಕದ ಡೆಲವೇರಿನಲ್ಲಿ ಡ್ಯೂಪಾಂಟ್ ಸಿಡಿಮದ್ದು ಗಿರಣಿ ಹಾಕಿದಾಗ ಯಜಮಾನನ ಮನೆ ಇದ್ದದ್ದು ಗಿರಣಿಗಳ ಮಗ್ಗುಲಲ್ಲೇ. ಹೊಸ ಗಿರಣಿಯನ್ನು ಮೊದಲು ಆಡಳಿತದವರೊಬ್ಬರು ತಾವೇ ನಡೆಸಿ ನೋಡದ ಹೊರತು ಕೆಲಸಗಾರರು ಒಳಗೆ ಕಾಲಿಡಕೂಡದು ಎಂಬ ನಿಯಮವೂ ಅಲ್ಲಿತ್ತು. ಒಳ್ಳೆಯತನಕ್ಕಿಂತ ಜೀವಭಯ ಮಾಡಿಸಿದ ನಿಯಮ ಅದು ಎಂದು ನನ್ನ ಗುಮಾನಿ. ಕೊಡೈಕನಾಲಿನ ಪಾದರಸದ ಯಜಮಾನರು ಲಂಡನ್ನಿನಲ್ಲಿ, ಮುಂಬೈಯಲ್ಲಿ ಇದ್ದರು.

ಗಾಜಿನ ಚೂರು ಗುಜರಿಗೆ ಹೋದದ್ದು ತನ್ನದೇ ನಿಯಮ ಮೀರಿ ನಡೆದ ತಪ್ಪು ಎಂದು ಕಂಪನಿ ಒಪ್ಪಿಕೊಂಡಿತು. 2003ರಲ್ಲಿ ಸುಮಾರು 290 ಟನ್ ಪಾದರಸಯುಕ್ತ ಕಸವನ್ನು ಹಡಗಿಗೆ ತುಂಬಿ ಸಂಸ್ಕರಣೆಗೆ ಅಮೆರಿಕಕ್ಕೆ ವಾಪಸು ಕಳಿಸಲಾಯಿತು. ಹಿಂದುಳಿದ ದೇಶದ ಕಸ ಮುಂದುವರಿದ ದೇಶಕ್ಕೆ ಹೊರಟ ಅಪರೂಪದ ಪ್ರಯಾಣ. ಕಾರ್ಮಿಕರ ಆರೋಗ್ಯ ಕೆಟ್ಟದ್ದು ಪಾದರಸದಿಂದ ಎಂಬುದನ್ನು ಮಾತ್ರ ಕಂಪನಿ ಕೊನೆಯವರೆಗೂ ಒಪ್ಪಲಿಲ್ಲ. 2006ರಲ್ಲಿ ಮಾಜಿ ಕಾರ್ಮಿಕರು ಮದ್ರಾಸ್ ಹೈಕೋರ್ಟಿಗೆ ಹೋದರು. ಕಾರ್ಮಿಕರಷ್ಟೇ ಅಲ್ಲ, ಮಕ್ಕಳೂ ತೊಂದರೆಗೆ ಒಳಗಾದದ್ದಕ್ಕೆ ಮೇಲ್ನೋಟದ ಸಾಕ್ಷ್ಯವಿದೆ ಎಂದು ಕೇಂದ್ರ ಕಾರ್ಮಿಕ ಸಚಿವಾಲಯ 2011ರಲ್ಲಿ ನ್ಯಾಯಾಲಯಕ್ಕೆ ವರದಿ ಕೊಟ್ಟಿತು. 2015ರಲ್ಲಿ ಚೆನ್ನೈನ ಸೋಫಿಯಾ ಅಶ್ರಫ್ ಈ ಬಗ್ಗೆ ಹಾಡಿದ ರ‍್ಯಾಪ್ ವಿಡಿಯೊ ಲಕ್ಷಾಂತರ ಜನರನ್ನು ತಲುಪಿತು. ಮರುವರ್ಷ ಮಾರ್ಚ್‌ನಲ್ಲಿ 591 ಮಾಜಿ ಕಾರ್ಮಿಕರು ಮತ್ತು ಅವರ ಕುಟುಂಬಗಳ ಜೊತೆ ಕಂಪನಿ ರಾಜಿ ಮಾಡಿಕೊಂಡಿತು. ಮಾನವೀಯ ನೆಲೆಯಲ್ಲಿ ಎಂದು ಹೇಳಿಕೊಂಡು, ಮೊತ್ತವನ್ನು ಗುಟ್ಟಾಗಿಟ್ಟು. ಅಷ್ಟರಲ್ಲಿ ಕಾರ್ಖಾನೆ ಮುಚ್ಚಿ ಹದಿನೈದು ವರ್ಷ.

ದಿಂಡಿಗಲ್‌ಗೆ ಇದು ಮೊದಲ ಪಾಠವೂ ಅಲ್ಲ. ತಮಿಳುನಾಡಿನ ಚರ್ಮ ಹದ ಮಾಡುವ ಘಟಕಗಳ ಮೇಲೆ ಸುಪ್ರೀಂ ಕೋರ್ಟ್ 1996ರಲ್ಲಿ ಕೊಟ್ಟ ವೆಲ್ಲೂರು ತೀರ್ಪಿನ ವ್ಯಾಪ್ತಿಗೆ ಬಂದ ಐದು ಜಿಲ್ಲೆಗಳಲ್ಲಿ ದಿಂಡಿಗಲ್ಲೂ ಒಂದು. ಕೆಡಿಸಿದವನೇ ತೆರಬೇಕು ಎಂಬ ತತ್ವವನ್ನು ಈ ನೆಲದ ಕಾನೂನೆಂದು ಸಾರಿದ ತೀರ್ಪು ಅದು. ಕೊಡೈಕನಾಲಿನ ಗುಜರಿ ಅಂಗಡಿ ಬಯಲಾದದ್ದು ಅದಾಗಿ ಐದು ವರ್ಷಕ್ಕೆ, ಅದೇ ಜಿಲ್ಲೆಯಲ್ಲಿ.

ಸುರಕ್ಷತೆಯ ಪಾಠದಲ್ಲಿ ಮುಖಗವಸು, ಕೈಗವಸು ಕಟ್ಟಕಡೆಯ ಮೆಟ್ಟಿಲು. ಅಪಾಯವನ್ನೇ ಇಲ್ಲವಾಗಿಸುವುದು ಮೊದಲನೆಯದು. ಥರ್ಮಾಮೀಟರಿನ ವಿಷಯದಲ್ಲಿ ಅದು ಬಹುಮಟ್ಟಿಗೆ ಆಗಿಯೂ ಆಯಿತು. ಜಪಾನಿನ ಮಿನಾಮಾಟಾದ ಹೆಸರು ಹೊತ್ತ ಪಾದರಸ ಒಪ್ಪಂದಕ್ಕೆ 2013ರಲ್ಲಿ ಒಪ್ಪಿಗೆ ಸಿಕ್ಕಿತು, 2018ರಲ್ಲಿ ಭಾರತವೂ ಅದನ್ನು ಅನುಮೋದಿಸಿತು. ಇವತ್ತು ಔಷಧಿ ಅಂಗಡಿಯಲ್ಲಿ ಹೆಚ್ಚಾಗಿ ಕೈಗೆ ಬರುವುದು ಡಿಜಿಟಲ್ ಕಡ್ಡಿ. ವಾಟರ್‌ಟೌನ್‌ನಿಂದ ಕೊಡೈಕನಾಲಿಗೆ ಬಂದಂಥ ಯಂತ್ರಗಳಿಗೆ ಈಗ ಹೆಚ್ಚು ಕೆಲಸವಿಲ್ಲ.

ಕಾರ್ಖಾನೆ ಜಾಗದ ಮಣ್ಣನ್ನು ಶುದ್ಧಮಾಡುವ ಕೆಲಸ ಮಾತ್ರ ಜಗ್ಗಾಡಿತು. ಒಂದು ಕಿಲೋ ಮಣ್ಣಿನಲ್ಲಿ 20 ಮಿಲಿಗ್ರಾಂ ಪಾದರಸ ಉಳಿಯುವ ಮಟ್ಟಕ್ಕೆ ಶುದ್ಧಮಾಡಿದರೆ ಸಾಕು ಎಂದು ಮಾಲಿನ್ಯ ನಿಯಂತ್ರಣ ಮಂಡಳಿ ಒಪ್ಪಿತು. ಕಾಡಿನ ನೆತ್ತಿಯ ಮೇಲಿನ ಜಾಗಕ್ಕೆ ಅದು ತೀರ ಸಡಿಲ ಎಂದು ಹೋರಾಟಗಾರರು ತಕರಾರು ತೆಗೆದರು. ಮಟ್ಟ ಬಿಗಿ ಮಾಡಿದಷ್ಟೂ ಹೆಚ್ಚು ಮಣ್ಣು ಅಗೆಯಬೇಕು, ಹೆಚ್ಚು ಮರ ಉರುಳಬೇಕು, ಇಳಿಜಾರು ಸಡಿಲವಾಗಿ ಮಣ್ಣು ಕೆಳಗಿನ ಕಾಡಿಗೆ ಜಾರೀತು ಎಂಬುದು ಕಂಪನಿಯ ವಾದ. ಪಾಂಬಾರ್ ಹಳ್ಳ ಆ ಇಳಿಜಾರಿನ ಬುಡದಲ್ಲೇ ಹರಿದು ಪೆರಿಯಕುಳಂ ಕಡೆಗೆ ಇಳಿಯುತ್ತದೆ.